ಆಟಕ್ಕೆ ಕೊಟ್ಟ ಬಾಂಗ್

ನೀವು ನೋಡಿಯೇ ಇರ್ತೀರಿ. ಮನೆಯಲ್ಲಿ ಮೂರ್ನಾಲ್ಕು ವರ್ಷದ ಮಗು ಇದ್ದರೆ ಯಾರೂ ಕಲಿಸದೆಯೇ ಅದಕ್ಕೊಂದು ಆಟ ಬರುತ್ತದೆ. ಅಜ್ಜಿಯ ಮುಸಲ್ಲಾವನ್ನು ಎಳೆದು ತಂದು ಹಾಸುತ್ತದೆ, ಕೈ ಕಟ್ಟುತ್ತದೆ, ದಬಕ್ಕನೆ ಸುಜೂದ್‌ಗೆ ಬೀಳುತ್ತದೆ, ನಡುವೆ ತಲೆ ಎತ್ತಿ ಯಾರಾದರೂ ನೋಡ್ತಿದ್ದಾರಾ ಅಂತ ಓರೆಗಣ್ಣು ಹಾಯಿಸುತ್ತದೆ. ನಾವು ನಗುತ್ತೇವೆ, ಮೊಬೈಲ್ ತೆಗೆದು ವಿಡಿಯೋ ಮಾಡುತ್ತೇವೆ, ಸಂಬಂಧಿಕರಿಗೆಲ್ಲ ಕಳಿಸುತ್ತೇವೆ. ಅದೇ ಮಗು ಎಂಟು ವರ್ಷದ್ದಾಗಿ, ಗೆಳೆಯರನ್ನು ಕಟ್ಟಿಕೊಂಡು, ಒಬ್ಬ ಬಾಂಗ್ ಕೊಡುವುದು, ಇನ್ನೊಬ್ಬ ಉಸ್ತಾದರ ಕೆಮ್ಮನ್ನು ಅನುಕರಿಸಿ ಖುತ್ಬಾ ಓದುವುದು, ಗೊಂಬೆಗಳಿಗೆ ನಿಕಾಹ್ ಮಾಡಿಸುವುದು ಶುರು ಮಾಡಿದರೆ ನಮ್ಮ ಮುಖ ಗಂಟಿಕ್ಕುತ್ತದೆ. ದೀನ್ ಅಂದರೆ ಆಟವಾ ಅಂತ ಗದರುತ್ತೇವೆ.

ಹಾಗಾದರೆ ಪವಿತ್ರವಾದ ಕ್ರಿಯೆಯನ್ನು ಆಟಕ್ಕೋ ನಟನೆಗೋ ಮಾಡಿದರೆ ಏನಾಗುತ್ತದೆ? ಅದು ಪಾಪವೇ, ಅಭ್ಯಾಸವೇ, ಬರೀ ಮಕ್ಕಳಾಟವೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ಮುಂಬಯಿಗೆ ಹೋಗೋಣ. ಯಾಕೆಂದರೆ ಮೊಹರಂನ ವೇಷಗಳು, ಸಿನಿಮಾ, ಹಜ್ಜಿನ ಹಡಗು ಮೂರೂ ಇದ್ದ ಊರು ಅದು. ವರ್ಷಗಟ್ಟಲೆ ಅಲ್ಲಿ ಈ ಪ್ರಶ್ನೆ ಬೀದಿಯಲ್ಲೇ ನಿಂತು ಉತ್ತರ ಕೇಳಿದೆ.

ಮೊದಲು ಹತ್ತಿರದ ಒಂದು ಘಟನೆ. 2023ರ ಜೂನ್ ತಿಂಗಳಲ್ಲಿ ಮುಂಬಯಿಯ ಉಪನಗರ ಕಾಂದಿವಲಿಯ ಒಂದು ಖಾಸಗಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ವೇಳೆ ಧ್ವನಿವರ್ಧಕದಲ್ಲಿ ಅಝಾನ್ ಕೇಳಿಸಲಾಯಿತು. ಎಲ್ಲ ಧರ್ಮಗಳ ಪ್ರಾರ್ಥನೆಗಳನ್ನು ಮಕ್ಕಳಿಗೆ ಪರಿಚಯಿಸುವುದು ಉದ್ದೇಶ ಎಂದು ಶಾಲೆ ಹೇಳಿತು. ಪೋಷಕರು ಸೇರಿದರು, ರಾಜಕೀಯ ಪಕ್ಷಗಳ ಕಾರ್ಯಕರ್ತರು ಸೇರಿದರು, ಪೊಲೀಸರು ಬಂದರು, ಶಿಕ್ಷಕಿಯೊಬ್ಬರು ಅಮಾನತಾದರು. ಅದೇ ವರ್ಷ ಬಕ್ರೀದ್ ಸಮಯದಲ್ಲಿ ಗುಜರಾತಿನ ಕಛ್ ಜಿಲ್ಲೆಯ ಮುಂದ್ರಾದಲ್ಲಿ ಮಕ್ಕಳು ಈದ್ ಬಗ್ಗೆ ಒಂದು ಕಿರುನಾಟಕ ಆಡಿದ್ದಕ್ಕೆ ಪ್ರಾಂಶುಪಾಲರು ಅಮಾನತಾದರು. ನಾಟಕದಲ್ಲಿ ಮಕ್ಕಳು ಟೋಪಿ ಹಾಕಿ ನಮಾಝ್‌ನ ಭಂಗಿ ಮಾಡಿದ್ದರು, ಅಷ್ಟೇ.

ಇಲ್ಲಿ ಒಂದು ವಿಚಿತ್ರ ಇದೆ. ನಮ್ಮ ಮನೆಯ ಹಿರಿಯರು ಮಕ್ಕಳಾಟವನ್ನು ಗದರುವುದು ಅದು ನಿಜವಲ್ಲ, ಬರೀ ನಟನೆ ಅಂತ. ಕಾಂದಿವಲಿಯಲ್ಲಿ, ಮುಂದ್ರಾದಲ್ಲಿ ಗಲಾಟೆ ಮಾಡಿದವರು ಹೆದರಿದ್ದು ಆ ನಟನೆಯೇ ನಿಜವಾಗಿಬಿಡುತ್ತದೆ ಅಂತ. ಒಬ್ಬರಿಗೆ ಆಟ ತೀರಾ ಪೊಳ್ಳು, ಇನ್ನೊಬ್ಬರಿಗೆ ತೀರಾ ಗಟ್ಟಿ. ಆಡಿದ ಮಕ್ಕಳನ್ನು ಮಾತ್ರ ಯಾರೂ ಏನೂ ಕೇಳಿದಂತಿಲ್ಲ.

ಈಗ ನೂರು ವರ್ಷ ಹಿಂದಕ್ಕೆ. ಇಪ್ಪತ್ತನೇ ಶತಮಾನದ ಮೊದಲ ದಶಕದವರೆಗೂ ಬೊಂಬಾಯಿಯ ಮೊಹರಂ ನಗರದ ಅತಿದೊಡ್ಡ ಬೀದಿ ಉತ್ಸವಗಳಲ್ಲಿ ಒಂದಾಗಿತ್ತು. ಮೊಹಲ್ಲಾ ಮೊಹಲ್ಲಾಕ್ಕೂ ಒಂದು ತಾಬೂತು, ಮೊಹಲ್ಲಾಕ್ಕೊಂದು ಟೋಳಿ. ಬಿದಿರು, ಬಣ್ಣದ ಕಾಗದ, ಬೇಗಡೆಯಲ್ಲಿ ಕಟ್ಟಿದ ಇಮಾಮ್ ಹುಸೈನರ ಸಮಾಧಿಯ ಪ್ರತಿರೂಪವೇ ತಾಬೂತು. ಹತ್ತನೇ ದಿನ ಅದನ್ನು ಹೊತ್ತುಕೊಂಡು ಹೋಗಿ ನೀರಿಗೆ ಬಿಡುತ್ತಿದ್ದರು. ಯೋಚಿಸಿ ನೋಡಿ, ಅದು ಕೂಡ ಒಂದು ನಟನೆಯೇ: ಹದಿಮೂರು ಶತಮಾನಗಳ ಹಿಂದೆ ತೀರಿಹೋದವರ ಅಂತ್ಯಸಂಸ್ಕಾರವನ್ನು ಪ್ರತಿವರ್ಷ ಮಾಡಿದಂತೆ ಮಾಡುವುದು. ರಾತ್ರಿಯ ಹೊತ್ತು ಟೋಳಿಗಳು ನಗಾರಿ ಬಡಿಯುತ್ತಾ, ದೊಣ್ಣೆ ತಿರುಗಿಸುತ್ತಾ, ಬೇರೆ ಮೊಹಲ್ಲಾಗಳ ಮುಂದೆ ಜಂಬ ತೋರಿಸುತ್ತಾ ಸಾಗುತ್ತಿದ್ದವು. ಮುಸ್ಲಿಮರ ಜೊತೆ ಹಿಂದೂಗಳೂ ಸೇರುತ್ತಿದ್ದರು. ಇರಾನಿಗಳು, ಬೋಹ್ರಾಗಳು ತಮ್ಮ ಮಜ್ಲಿಸ್‌ಗಳಲ್ಲಿ ಬೇರೆಯೇ ಶೋಕ ಆಚರಿಸುತ್ತಿದ್ದರು.

ಇದರಲ್ಲಿ ನಮಗೆ ಹೊಸದೇನೂ ಇಲ್ಲ ಅಂತ ಉತ್ತರ ಕರ್ನಾಟಕದ ಓದುಗರು ಹೇಳಬಹುದು. ಮುದಗಲ್ಲಿನ ಮೊಹರಂ ನೋಡಿದವರಿಗೆ, ಧಾರವಾಡ, ಬಳ್ಳಾರಿ, ರಾಯಚೂರು ಕಡೆ ಅಲಾಯಿ ಕುಣಿದವರಿಗೆ, ರಿವಾಯತ್ ಹಾಡಿದವರಿಗೆ, ಹುಲಿವೇಷ ಹಾಕಿದವರಿಗೆ ಅದರ ಬಿಸಿ ಗೊತ್ತು. ಹರಕೆ ಹೊತ್ತ ತಾಯಿ ಮಗುವಿನ ಕೊರಳಿಗೆ ಲಾಡಿ ಹಾಕಿ ಹತ್ತು ದಿನದ ಮಟ್ಟಿಗೆ ಫಕೀರನನ್ನಾಗಿ ಮಾಡುತ್ತಾಳೆ. ಮಗು ಮನೆಮನೆಗೆ ಹೋಗಿ ಬೇಡುತ್ತದೆ. ಆ ಮಗು ಫಕೀರನೂ ಅಲ್ಲ, ಬಡವನೂ ಆಗಿರಬೇಕಾಗಿಲ್ಲ. ಆದರೂ ಮನೆಯವರು ಅದರ ಜೋಳಿಗೆಗೆ ಹಾಕುವ ಕಾಳು ನಿಜ, ತಾಯಿಯ ಹರಕೆ ನಿಜ. ಈ ವೇಷವನ್ನು ಸುಳ್ಳು ಅನ್ನಲು ನಿಮಗೆ ಮನಸ್ಸು ಬರುತ್ತದಾ?

ಎಲ್ಲ ವೇಷವೂ ಹೀಗೆ ಭಕ್ತಿಯದ್ದಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಜಾಫರ್ ಶರೀಫ್ ಎಂಬ ದಖನಿ ಮುಸ್ಲಿಂ ಬರೆದ 'ಖಾನೂನೆ ಇಸ್ಲಾಂ' ಪುಸ್ತಕ ಹರ್ಕ್ಲಾಟ್ಸ್ ಎಂಬ ವೈದ್ಯರ ಅನುವಾದದಲ್ಲಿ 1832ರಲ್ಲಿ ಇಂಗ್ಲಿಷಿನಲ್ಲಿ ಬಂತು. ದಖನಿನ ಮುಸ್ಲಿಮರ ಹುಟ್ಟು, ಮದುವೆ, ಸಾವು, ಹಬ್ಬ ಎಲ್ಲವನ್ನೂ ಅದು ಬಿಡಿಸಿಡುತ್ತದೆ. ಮೊಹರಂ ವೇಷಗಳಿಗೆ ಅದರಲ್ಲಿ ಉದ್ದನೆಯ ಪಟ್ಟಿಯೇ ಇದೆ. ಮಜ್ನೂನ್, ಮಲಂಗ್, ಹುಲಿ, ಮುದುಕ-ಮುದುಕಿ ಇವೆಲ್ಲದರ ನಡುವೆ ಎರಡು ಜೋಡಿಗಳು ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದವು. ಹಾಜಿ ಅಹ್ಮಕ್ ಮತ್ತು ಹಾಜಿ ಬೇವಕೂಫ್ ಒಂದು ಜೋಡಿ. ಶಾಪಗ್ರಸ್ತ ಖಾಝಿ ಮತ್ತು ದೀನ್ ಇಲ್ಲದ ಖಾಝಿ ಇನ್ನೊಂದು. ಅಂದರೆ ಇನ್ನೂರು ವರ್ಷದ ಹಿಂದೆ ನಮ್ಮ ದಖನಿನ ಬೀದಿಗಳಲ್ಲಿ ಮುಸ್ಲಿಮರೇ, ಮೊಹರಂನಂಥ ಶೋಕದ ತಿಂಗಳಲ್ಲೇ, ದಡ್ಡ ಹಾಜಿಯ ವೇಷ, ಲಂಪಟ ಖಾಝಿಯ ವೇಷ ಹಾಕಿ ಜನರನ್ನು ನಗಿಸುತ್ತಿದ್ದರು. ಹಜ್ಜನ್ನು ಯಾರೂ ನಗೆಪಾಟಲು ಮಾಡಲಿಲ್ಲ. ಹಜ್ಜ್ ಮಾಡಿಬಂದು ಎದೆ ಉಬ್ಬಿಸಿ ನಡೆಯುವವನನ್ನು ಮಾಡಿದರು. ಇವತ್ತು ಯಾವ ಊರಿನಲ್ಲಾದರೂ ಒಬ್ಬ ಈ ವೇಷ ಹಾಕಿ ಸುರಕ್ಷಿತವಾಗಿ ಮನೆ ಸೇರುತ್ತಾನಾ ಅನ್ನುವುದನ್ನು ನಿಮಗೇ ಬಿಡುತ್ತೇನೆ.

ಬೊಂಬಾಯಿಯ ಟೋಳಿಗಳನ್ನು ನಿಲ್ಲಿಸಿದ್ದು ಫತ್ವಾ ಅಲ್ಲ. ಉಲಮಾಗಳು ಬಹಳ ಹಿಂದಿನಿಂದಲೂ ತಾಬೂತಿನ ವಿರುದ್ಧ ಹೇಳುತ್ತಲೇ ಬಂದಿದ್ದರು. ಬೇರೆ ಎಷ್ಟೋ ವಿಷಯಗಳಲ್ಲಿ ಮುಖ ನೋಡದ ದೇವಬಂದಿ ಮತ್ತು ಬರೇಲ್ವಿ ವಿದ್ವಾಂಸರು ರೂಢಿಯ ತಾಬೂತನ್ನು ವಿರೋಧಿಸುವುದರಲ್ಲಿ ಮಾತ್ರ ಒಂದಾಗಿದ್ದರು. ಜನ ಕೇಳಲಿಲ್ಲ. 1911ರ ಮೊಹರಂನಲ್ಲಿ ಗಲಭೆಯಾಗಿ ಗುಂಡು ಹಾರಿತು. 1912ರಲ್ಲಿ ಪೊಲೀಸ್ ಕಮಿಷನರ್ ಎಸ್. ಎಂ. ಎಡ್ವರ್ಡ್ಸ್ ಹೊಸ ನಿಯಮ ತಂದರು. ಟೋಳಿಗಳ ತಿರುಗಾಟಕ್ಕೆ ಕಡಿವಾಣ ಬಿತ್ತು. ಟೋಳಿ ಇಲ್ಲದ ಮೇಲೆ ತಾಬೂತಿಗೆ ಚಂದಾ ಕೊಡುವವರು ಯಾರು? ಹಳೆಯ ಮೊಹರಂ ಕ್ರಮೇಣ ಆರಿಹೋಯಿತು. ಅದರ ಜಾಗಕ್ಕೆ ವಅಝ್ ಸಭೆಗಳು ಬಂದವು. ನಗರದ ಸ್ಥಿತಿವಂತ ಮುಸ್ಲಿಮರು ಇದನ್ನು ಸ್ವಾಗತಿಸಿದರು.

ತಮಾಷೆ ಏನೆಂದರೆ ಇದೇ ಎಡ್ವರ್ಡ್ಸ್ 1912ರಲ್ಲೇ ಪ್ರಕಟವಾದ 'ಬೈವೇಸ್ ಆಫ್ ಬಾಂಬೆ' ಎಂಬ ತಮ್ಮ ಪುಸ್ತಕದಲ್ಲಿ ಬೊಂಬಾಯಿಯ ಮೊಹರಂ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಒಂದು ಕೈಯಲ್ಲಿ ವರ್ಣನೆ, ಇನ್ನೊಂದು ಕೈಯಲ್ಲಿ ಆದೇಶ. ಟೋಳಿಗಳು ಸತ್ತದ್ದಕ್ಕೆ ನಾನು ಕಣ್ಣೀರು ಹಾಕಲಾರೆ. ಅವುಗಳಲ್ಲಿ ಹೊಡೆದಾಟ ಇತ್ತು, ಪುಂಡಾಟ ಇತ್ತು. ಆದರೆ ಒಂದು ಮಾತು ನೆನಪಿಡಬೇಕು. ಅಲ್ಲಿ ಯಾವುದು ಭಕ್ತಿ, ಯಾವುದು ಪುಂಡಾಟ ಎಂದು ಬಿಡಿಸಿ ನೋಡುವ ತಾಳ್ಮೆ ಪೊಲೀಸರಿಗೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಖಾಲಿ ರಸ್ತೆ. ಬಿಡಿಸಿ ನೋಡುವ ಕೆಲಸ ನಮ್ಮ ಫಿಖ್‌ಹ್‌ನವರದ್ದು. ಅವರು ಅದನ್ನು ಎಷ್ಟೋ ಶತಮಾನ ಮೊದಲೇ ಮಾಡಿಟ್ಟಿದ್ದರು.

ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕೆಂದರೆ ನಮ್ಮ ಮಕ್ಕಳ 'ಉಸ್ತಾದ್ ಆಟ' ಹಳೆಯ ಗ್ರಂಥಗಳಲ್ಲಿ ಹಾಗೇ ಕೂತಿದೆ! ಹನಫಿ ವಿದ್ವಾಂಸರ ಫತ್ವಾ ಸಂಗ್ರಹಗಳು ಒಂದು ದೃಶ್ಯವನ್ನು ವರ್ಣಿಸುತ್ತವೆ. ಕೆಲವರು ಸೇರಿದ್ದಾರೆ. ಒಬ್ಬ ಎತ್ತರದ ಜಾಗದಲ್ಲಿ ಪ್ರವಚನಕಾರನ ಹಾಗೆ ಕೂರುತ್ತಾನೆ. ಉಳಿದವರು ಅವನಿಗೆ ಮಸಲೆಗಳನ್ನು ಕೇಳುತ್ತಾರೆ, ನಗುತ್ತಾರೆ, ಆಮೇಲೆ ಅವನಿಗೆ ಹೊಡೆಯುತ್ತಾರೆ. ಇನ್ನೊಂದರಲ್ಲಿ ಒಬ್ಬ ಕೋಲು ಹಿಡಿದು ಮೇಷ್ಟ್ರಾಗುತ್ತಾನೆ, ಉಳಿದವರು ಸುತ್ತಲೂ ಮಕ್ಕಳ ಹಾಗೆ ಕೂತು ಗೇಲಿ ಮಾಡುತ್ತಾರೆ. ಇಂಥವರು ಕಾಫಿರರಾಗುತ್ತಾರೆ ಎಂಬುದು ಆ ಸಂಗ್ರಹಗಳ ತೀರ್ಪು. ಎಷ್ಟು ಕಠಿಣ ನೋಡಿ. ದೀನ್‌ನ ಜ್ಞಾನವನ್ನೇ ಇವರು ನಗೆಗೀಡು ಮಾಡಿದರು ಎಂಬುದು ಅದರ ಹಿಂದಿನ ತರ್ಕ.

ಹದಿಮೂರನೇ ಶತಮಾನದಲ್ಲಿ ಸಿರಿಯಾದ ಇಮಾಮ್ ನವವಿ ತಮ್ಮ 'ರೌಳತುತ್ತಾಲಿಬೀನ್'ನಲ್ಲಿ ಇದೇ ದೃಶ್ಯಗಳನ್ನು ಎತ್ತಿಕೊಂಡು, ಅನುಕರಣೆಯ ಈ ಎರಡು ಪ್ರಸಂಗಗಳಲ್ಲಿ ಕಾಫಿರ್ ಆಗುವುದಿಲ್ಲ ಅನ್ನುವುದೇ ಸರಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನವವಿ ನಮಗೆ ದೂರದವರೇನಲ್ಲ. ಕರಾವಳಿಯ ಬ್ಯಾರಿಗಳಿಗೆ, ಭಟ್ಕಳದ ನವಾಯತರಿಗೆ, ಮುಂಬಯಿಯ ಕೊಂಕಣಿ ಮುಸ್ಲಿಮರಿಗೆ ಶಾಫಿಈ ಮದ್‌ಹಬ್ ಎಂದರೆ ಬಹುಪಾಲು ನವವಿಯವರ ಮದ್‌ಹಬ್ಬೇ. ಆದರೆ ತಪ್ಪು ತಿಳಿಯಬೇಡಿ. ಕಾಫಿರ್ ಆಗುವುದಿಲ್ಲ ಅಂದರೆ ಮಾಡಬಹುದು ಅಂತ ಅರ್ಥವಲ್ಲ. ಅಸಭ್ಯ ಆಟ ಅಸಭ್ಯವೇ. ನವವಿ ಮಾಡಿದ್ದು ಇಷ್ಟು: ನಟನೆಯನ್ನೂ ನಂಬಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಒಪ್ಪಲಿಲ್ಲ.

ಇನ್ನು ಸಿನಿಮಾಕ್ಕೆ ಬರೋಣ, ಮುಂಬಯಿಯ ಮಾತು ಅದಿಲ್ಲದೆ ಮುಗಿಯುವುದಿಲ್ಲ. 'ಚೌದ್ವೀ ಕಾ ಚಾಂದ್' (1960), 'ಮೇರೆ ಮೆಹಬೂಬ್' (1963), 'ಪಾಕೀಝಾ' (1972) ಇಂಥ ಚಿತ್ರಗಳಿಗೆ 'ಮುಸ್ಲಿಂ ಸೋಶಿಯಲ್' ಎಂಬ ಹೆಸರೇ ಬಿದ್ದಿತ್ತು. ಪರದೆಯ ಮೇಲೆ ನಿಕಾಹ್, ನಮಾಝ್, ದುಆ ಎಲ್ಲ ಸೆಟ್ಟಿನಲ್ಲಿ ದೀಪ ಹಾಕಿ, ಕಟ್ ಹೇಳಿ, ಮತ್ತೆ ಮಾಡಿಸಿ ಚಿತ್ರಿಸಿದವು. ಅಲ್ಲಿ ಮಾಡಿದ್ದು ನಮಾಝ್ ಆಯಿತಾ? ಆಗಲಿಲ್ಲ. ನಿಯ್ಯತ್ ಇಲ್ಲ, ವುಝೂ ಇತ್ತೋ ಇಲ್ಲವೋ, ಕಿಬ್ಲಾಕ್ಕಿಂತ ಕ್ಯಾಮೆರಾ ಮುಖ್ಯ.

ಆದರೆ ನಿಕಾಹ್ ಮತ್ತು ತಲಾಕ್ ವಿಷಯ ಅಷ್ಟು ಸಲೀಸಲ್ಲ. ಮೂರು ಸಂಗತಿಗಳಲ್ಲಿ ಗಂಭೀರವಾಗಿ ಹೇಳಿದ್ದೂ ಗಂಭೀರ, ತಮಾಷೆಗೆ ಹೇಳಿದ್ದೂ ಗಂಭೀರ ಎಂಬ ಅರ್ಥದ ಹದೀಸ್ ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿದೆ. ನಿಕಾಹ್, ತಲಾಕ್, ತಲಾಕ್ ನಂತರ ಹೆಂಡತಿಯನ್ನು ಮರಳಿ ಸ್ವೀಕರಿಸುವುದು, ಇವು ಆ ಮೂರು. ಬಿ. ಆರ್. ಚೋಪ್ರಾ 1982ರಲ್ಲಿ ತಲಾಕಿನ ಬಗ್ಗೆ ಚಿತ್ರ ಮಾಡಿದಾಗ ಮೊದಲು ಇಟ್ಟುಕೊಂಡಿದ್ದ ಹೆಸರು 'ತಲಾಕ್ ತಲಾಕ್ ತಲಾಕ್'. ಗಂಡ ಮನೆಗೆ ಬಂದು ಹೆಂಡತಿಗೆ ಯಾವ ಸಿನಿಮಾಕ್ಕೆ ಹೋಗೋಣ ಅಂತ ಹೆಸರು ಹೇಳಿದರೆ ಸಂಸಾರವೇ ಮುರಿದುಬಿದ್ದೀತು ಎಂದು ಯಾರೋ ಎಚ್ಚರಿಸಿದ್ದರಿಂದ ಹೆಸರು 'ನಿಕಾಹ್' ಆಯಿತು ಎಂಬ ಕಥೆ ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತದೆ. ನಗು ಬರುತ್ತೆ, ನಿಜ. ಆದರೆ ಫಿಖ್‌ಹ್‌ನ ಪಾಠ ಓದಿದವರು ಈ ಭಯಕ್ಕೆ ಉತ್ತರ ಕೊಡಬಲ್ಲರು. ಅದಕ್ಕೆ 'ಹಿಕಾಯತ್' ಅನ್ನುತ್ತಾರೆ, ಅಂದರೆ ಇನ್ನೊಬ್ಬರ ಮಾತನ್ನು ಹೇಳಿ ತೋರಿಸುವುದು. ಮದ್ರಸಾದಲ್ಲಿ ಉಸ್ತಾದರು ತಲಾಕಿನ ಅಧ್ಯಾಯ ಪಾಠ ಮಾಡುವಾಗ ಆ ಮಾತನ್ನು ಹತ್ತಾರು ಸಲ ಬಾಯಿಬಿಟ್ಟು ಹೇಳುತ್ತಾರೆ. ಮನೆಗೆ ಹೋದರೆ ಹೆಂಡತಿ ಹೆಂಡತಿಯಾಗಿಯೇ ಇರುತ್ತಾರೆ. ಸಿನಿಮಾದ ಹೆಸರು ಹೇಳಿದವನದ್ದೂ ಇದೇ ಕಥೆ. ಹದೀಸ್ ಎಚ್ಚರಿಸುವುದು ಬೇರೆಯವನನ್ನು: ತನ್ನದೇ ಹೆಂಡತಿಗೆ, ಅವಳನ್ನೇ ಉದ್ದೇಶಿಸಿ ಹೇಳಿಬಿಟ್ಟು, ಅವಳು ಅತ್ತ ಮೇಲೆ 'ತಮಾಷೆಗೆ ಹೇಳಿದೆ ಕಣೇ' ಅನ್ನುವವನನ್ನು. ಆ ಕಾಲದ ಅರಬ್ ಹೆಂಗಸರನ್ನು ಈ ಮಾತು ಕಾಪಾಡಿತು ಅಂತ ನನ್ನ ತಿಳಿವಳಿಕೆ. ಗಂಡಸಿನ ನಾಲಿಗೆಗೆ ಹಾಕಿದ ಲಗಾಮು ಅದು.

ನಟ-ನಟಿಯರ ನಿಕಾಹ್ ಬಗ್ಗೆ ಈಗಲೂ ಮುಫ್ತಿಗಳಲ್ಲಿ ಭಿನ್ನಾಭಿಪ್ರಾಯ ಇದೆ. ಪಾತ್ರದ ಹೆಸರಿನಲ್ಲಿ ಆಡಿದ ಮಾತು ಹಿಕಾಯತ್ ಅನ್ನುವವರಿದ್ದಾರೆ; ಇಬ್ಬರು ಸಾಕ್ಷಿಗಳ ಮುಂದೆ ಸ್ವಂತ ಹೆಸರಿನಲ್ಲೇ ಒಪ್ಪಿಗೆ ಹೇಳಿದರೆ ಹುಷಾರು ಅನ್ನುವವರೂ ಇದ್ದಾರೆ. ಶಾಫಿಈಗಳಿಗೆ ಈ ತಲೆಬಿಸಿ ಕಡಿಮೆ. ವಲೀ ಇಲ್ಲದೆ ನಿಕಾಹ್ ಇಲ್ಲ. ಹುಡುಗಿಯ ಅಪ್ಪ ನಿಜವಾಗಿ ಬಂದು ಸೆಟ್ಟಿನಲ್ಲಿ ಕೈ ಹಿಡಿದು ಕೊಡದ ಹೊರತು ಸಿನಿಮಾ ಮದುವೆ ಸಿನಿಮಾದಲ್ಲೇ ಉಳಿಯುತ್ತದೆ.

ಇದಕ್ಕೆ ಪೂರ್ತಿ ತಿರುಗಾ ಮುರುಗಾ ಒಂದು ಪ್ರಸಂಗ 2015ರಲ್ಲಿ ನಡೆಯಿತು. ಇರಾನಿನ ಮಜೀದ್ ಮಜೀದಿ ಪ್ರವಾದಿಯವರ (ಸ) ಬಾಲ್ಯದ ಬಗ್ಗೆ ಚಿತ್ರ ಮಾಡಿದರು. ಮುಖ ತೋರಿಸಿರಲಿಲ್ಲ. ಸಂಗೀತ ಎ. ಆರ್. ರಹಮಾನ್ ಅವರದ್ದು. ಮುಂಬಯಿಯ ರಝಾ ಅಕಾಡೆಮಿ ಇಬ್ಬರ ವಿರುದ್ಧವೂ ಫತ್ವಾ ತಂದಿತು. ಅವರು ಮತ್ತೆ ಕಲಿಮಾ ಓದಬೇಕು, ನಿಕಾಹ್ ಹೊಸದಾಗಿ ಮಾಡಿಸಿಕೊಳ್ಳಬೇಕು ಎಂದು ಅದರಲ್ಲಿತ್ತು. ತಾನು ನಿರ್ಮಿಸಿಲ್ಲ, ನಿರ್ದೇಶಿಸಿಲ್ಲ, ಸಂಗೀತ ಮಾತ್ರ ಕೊಟ್ಟೆ, ಅದೂ ಒಳ್ಳೆಯ ನಿಯ್ಯತ್ತಿನಿಂದ ಎಂದು ರಹಮಾನ್ ಒಂದು ಬಹಿರಂಗ ಪತ್ರದಲ್ಲಿ ವಿನಯದಿಂದಲೇ ಉತ್ತರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಟನೆಯಲ್ಲಿ ಆದ ಮದುವೆ ಮದುವೆಯಾಗುವುದಿಲ್ಲ, ಆದರೆ ನಟನೆಗೆ ಸಂಗೀತ ಕೊಟ್ಟರೆ ನಿಜವಾದ ಮದುವೆ ಮುರಿಯುತ್ತದೆ! ಪ್ರವಾದಿಯವರನ್ನು ಚಿತ್ರಿಸುವುದಕ್ಕೆ ಇರುವ ಆಕ್ಷೇಪ ನನಗೆ ಅರ್ಥವಾಗುತ್ತದೆ, ಅದನ್ನು ಗೌರವಿಸುತ್ತೇನೆ. ಯಾರದ್ದೋ ನಿಯ್ಯತ್ತನ್ನು ಕೇಳದೆ ಅವರ ಕಲಿಮಾವನ್ನೇ ಕಿತ್ತುಕೊಳ್ಳುವುದು ಅರ್ಥವಾಗುವುದಿಲ್ಲ.

ಈಗ ಒಂದು ಪ್ರಶ್ನೆ. ನಮಾಝ್ ಅಲ್ಲದ ನಮಾಝನ್ನು ಸಹಾಬಿಗಳು ಯಾವತ್ತಾದರೂ ಮಾಡಿದ್ದರಾ? ಮಾಡಿದ್ದರು. ಬುಖಾರಿಯಲ್ಲಿ ಇದೆ. ಮಾಲಿಕ್ ಬಿನ್ ಹುವೈರಿಸ್ (ರ) ಬಸ್ರಾದ ಮಸೀದಿಗೆ ಬಂದು, ನಾನೀಗ ನಿಮ್ಮ ಮುಂದೆ ನಮಾಝ್ ಮಾಡುತ್ತೇನೆ, ನಮಾಝ್ ನನ್ನ ಉದ್ದೇಶವಲ್ಲ, ಪ್ರವಾದಿಯವರು (ಸ) ಹೇಗೆ ಮಾಡುತ್ತಿದ್ದರೆಂದು ತೋರಿಸುವುದಷ್ಟೇ ಉದ್ದೇಶ ಎಂಬ ಅರ್ಥದಲ್ಲಿ ಹೇಳಿ ಮಾಡಿ ತೋರಿಸಿದರು. ಹಝ್ರತ್ ಉಸ್ಮಾನ್ (ರ) ನೀರು ತರಿಸಿ ಜನರೆದುರು ವುಝೂ ಮಾಡಿ ತೋರಿಸಿದರು. ಸ್ವತಃ ಪ್ರವಾದಿಯವರು (ಸ) ಒಮ್ಮೆ ಮರದ ಮಿಂಬರ್ ಮೇಲೆ ನಿಂತು ನಮಾಝ್ ಮಾಡಿದರು, ಸುಜೂದ್‌ಗೆ ಮಾತ್ರ ಕೆಳಗಿಳಿದರು, ಮುಗಿಸಿದ ಮೇಲೆ ನೀವು ನೋಡಿ ಕಲಿಯಲಿ ಅಂತ ಹೀಗೆ ಮಾಡಿದೆ ಎಂದರು. ವೇದಿಕೆ, ಪ್ರೇಕ್ಷಕರು, ಪ್ರದರ್ಶನ ಎಲ್ಲ ಇದೆ ಇಲ್ಲಿ.

ಮುಂಬಯಿ ಹಜ್ ಯಾತ್ರಿಕರ ಬಂದರಾಗಿತ್ತು. 1995ರಲ್ಲಿ ಜಿದ್ದಾದ ಹಡಗು ನಿಲ್ಲುವವರೆಗೂ ದೇಶದ ಮೂಲೆ ಮೂಲೆಯ ಹಾಜಿಗಳು ಆ ಊರಿನ ಮುಸಾಫಿರ್‌ಖಾನೆಗಳಲ್ಲಿ ಗಂಟುಮೂಟೆ ಇಟ್ಟುಕೊಂಡು ಕಾಯುತ್ತಿದ್ದರು. ಹಜ್ ಕಮಿಟಿಯ ಕಚೇರಿ ಈಗಲೂ ಅಲ್ಲಿನ ಹಜ್ ಹೌಸ್‌ನಲ್ಲಿದೆ. ಇವತ್ತಿನ ಹಜ್ ತರಬೇತಿ ಶಿಬಿರಗಳನ್ನು ನೀವು ನೋಡಿದ್ದೀರಲ್ಲ? ನಡುವೆ ಕಪ್ಪು ಬಟ್ಟೆ ಹೊದಿಸಿದ ಒಂದು ಚೌಕಟ್ಟು, ಸುತ್ತಲೂ ಅರವತ್ತು ದಾಟಿದ ಅಜ್ಜ-ಅಜ್ಜಿಯರು, ಏಳು ಸುತ್ತು ಎಣಿಸುತ್ತಾ ತವಾಫ್ ಕಲಿಯುತ್ತಾರೆ. ಅದನ್ನು ನಾವು ಅಣಕ ಅಂದೆವಾ? ಹಾಗಾದರೆ ಅದೇ ತವಾಫನ್ನು ಅವರ ಮೊಮ್ಮಗಳು ಮನೆಯ ಸ್ಟೂಲಿನ ಸುತ್ತ ಮಾಡಿದರೆ ಯಾಕೆ ಕೋಪ? ಹಝ್ರತ್ ಆಯಿಷಾರ (ರ) ಗೊಂಬೆಗಳ ನಡುವೆ ರೆಕ್ಕೆ ಇರುವ ಕುದುರೆ ಕಂಡು, ಕುದುರೆಗೆ ರೆಕ್ಕೆಯಾ ಅಂತ ಪ್ರವಾದಿಯವರು (ಸ) ಕೇಳಿದಾಗ, ಸುಲೈಮಾನರ ಕುದುರೆಗೆ ಇತ್ತಲ್ಲ ಅಂತ ಆಕೆ ಉತ್ತರ ಕೊಟ್ಟರು. ಅವರು ದವಡೆ ಕಾಣುವಷ್ಟು ನಕ್ಕರು. ಒಬ್ಬ ಪ್ರವಾದಿಯ ಕುದುರೆ ಆಟಿಕೆಯಾಗಿದ್ದು ಆ ಮನೆಯಲ್ಲಿ ತಪ್ಪಾಗಿ ಕಾಣಲಿಲ್ಲ.

ಮೊಬೈಲ್ ಗೇಮ್ ಬಗ್ಗೆ ಕೇಳುವವರಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. 2020ರ ಜೂನ್‌ನಲ್ಲಿ, ಲಾಕ್‌ಡೌನಿನ ಕಾಲದಲ್ಲಿ, ಪಬ್‌ಜಿ ಆಟದಲ್ಲಿ ಹೊಸದೊಂದು ಕಾಡಿನ ಭಾಗ ಬಂತು. ಅದರಲ್ಲಿ ಆಟಗಾರನ ಪಾತ್ರ ಟೋಟೆಮ್ ಕಂಬದ ಮುಂದೆ ನಮಿಸಿದರೆ ಶಕ್ತಿಯೋ ಸಾಮಾನೋ ಸಿಗುತ್ತಿತ್ತು. ಕೊಲ್ಲಿ ದೇಶಗಳಲ್ಲಿ ಆಕ್ಷೇಪ ಎದ್ದಿತು. ಕಂಪೆನಿ ಕ್ಷಮೆ ಕೇಳಿ ಅದನ್ನು ತೆಗೆದುಹಾಕಿತು. ಈ ಆಕ್ಷೇಪವನ್ನು ಕೆಲವರು ಅತಿ ಎಂದರು. ನನಗೆ ಹಾಗನಿಸಲಿಲ್ಲ. ಗೊಂಬೆಯ ನಿಕಾಹ್‌ನಲ್ಲಿ ಮಗು ತಾನು ಕಂಡ ಬದುಕನ್ನು ತನ್ನ ಕೈಯಾರೆ ಕಟ್ಟುತ್ತದೆ. ಇಲ್ಲಿ ಹಾಗಲ್ಲ. ಯಾರೋ ಬರೆದಿಟ್ಟ ಲೆಕ್ಕಾಚಾರ, ಬಗ್ಗಿದರೆ ಬಹುಮಾನ. ಸುಜೂದ್ ಅಂದರೆ ವ್ಯಾಪಾರ ಅಂತ ಬೆರಳಿಗೆ ಕಲಿಸುವ ಆಟ ಅದು. ಟೋಟೆಮ್ ಬದಲು ಮಸೀದಿ ಇಟ್ಟಿದ್ದರೂ ನನಗೆ ಬೇಡವೇ.

ಬೇರೆಯವರು ನಮ್ಮ ನಮಾಝ್ ಮಾಡಿ ತೋರಿಸಿದರೆ? ಮುಂಬಯಿಯಲ್ಲ, ನಮ್ಮೂರ ಕಡೆಯೇ ಇದಕ್ಕೆ ಉದಾಹರಣೆ ಇದೆ. ಕಾಸರಗೋಡು ಜಿಲ್ಲೆಯ ಮಾಲೋತ್‌ನ ಕೂಲೋಂ ಭಗವತಿ ಕ್ಷೇತ್ರದಲ್ಲಿ ಮುಕ್ರಿ ಪೋಕರ್ ಎಂಬ ಮಾಪಿಳ್ಳೆ ತೆಯ್ಯಂ ಇದೆ. ಹಿಂದೂ ಕಲಾವಿದ ಕಟ್ಟುವ ಆ ತೆಯ್ಯಂ ಅಂಗಳದಲ್ಲಿ ಬಾಂಗ್ ಕೊಟ್ಟು ನಮಾಝ್ ಮಾಡುತ್ತದೆ. ಮುಲ್ಕಿಯ ಬಪ್ಪನಾಡು ಕ್ಷೇತ್ರದ ಯಕ್ಷಗಾನದಲ್ಲಿ ಬಪ್ಪ ಬ್ಯಾರಿ ರಂಗಕ್ಕೆ ಬರುತ್ತಾನೆ. ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದ ತುಳುನಾಡಿಗರು ಇಂಥ ಕಥೆಗಳನ್ನು ಕಟ್ಟಿಕೊಂಡೇ ಹೋದವರು. ಅಲ್ಲಿ ಇದರ ಇನ್ನೊಂದು ಮುಖವೂ ಇತ್ತು. 'ಬೈಜು ಬಾವ್ರಾ' (1952) ಚಿತ್ರದ ಮಾಲಕಂಸ್ ರಾಗದ ಪ್ರಸಿದ್ಧ ಭಜನೆಯನ್ನು ಬರೆದದ್ದು ಶಕೀಲ್ ಬದಾಯೂನಿ, ಸ್ವರ ಹಾಕಿದ್ದು ನೌಶಾದ್, ಹಾಡಿದ್ದು ಮುಹಮ್ಮದ್ ರಫಿ. ಮೂವರೂ ಮುಸ್ಲಿಮರು. ಅದನ್ನು ಕೇಳಿ ಯಾರಿಗೂ ಅಣಕ ಅನಿಸಲಿಲ್ಲ. ತೌಹೀದ್‌ನ ದೃಷ್ಟಿಯಿಂದ ಈ ಎರಡರ ಬಗ್ಗೆಯೂ ನಮ್ಮವರಲ್ಲಿ ತಕರಾರಿರಬಹುದು, ಇದೆ ಕೂಡ. ಆದರೆ ತಕರಾರು ಬೇರೆ, ಅವಮಾನವಾಯಿತು ಅನ್ನುವುದು ಬೇರೆ. ಯೂಟ್ಯೂಬಿನಲ್ಲಿ ಗಡ್ಡ ಅಂಟಿಸಿಕೊಂಡು ಬಾಂಗ್ ಅನ್ನು ಕರ್ಕಶ ಮಾಡಿ ನಗಿಸುವವನನ್ನೂ ಮುಕ್ರಿ ಪೋಕರ್ ತೆಯ್ಯವನ್ನೂ ಒಂದೇ ಅನ್ನಲು ಆಗುತ್ತದಾ? ನಮಾಝ್‌ನ ಕರೆಯನ್ನು ಗೇಲಿ ಮತ್ತು ಆಟದ ವಸ್ತು ಮಾಡಿಕೊಂಡವರ ಬಗ್ಗೆ ಕುರ್‌ಆನ್‌ನ ಅಲ್ ಮಾಇದಾ ಅಧ್ಯಾಯದ 58ನೇ ವಚನ ಹೇಳುತ್ತದೆ. ಅದು ತಿಳಿಗೇಡಿಗಳ ಕೆಲಸ ಎನ್ನುತ್ತದೆ.

ಅಂಥ ತಿಳಿಗೇಡಿ ಕೆಲಸ ಪ್ರವಾದಿಯವರ (ಸ) ಕಿವಿಗೇ ಬಿದ್ದಾಗ ಏನಾಯಿತು? ಹಿಜರಿ 8ನೇ ವರ್ಷ, ಅಂದರೆ ಕ್ರಿ.ಶ. 630. ಮಕ್ಕಾ ವಿಜಯವಾಗಿ, ಹುನೈನ್ ಯುದ್ಧ ಮುಗಿಸಿ ಮರಳುವ ದಾರಿ. ಮುಅಝ್ಝಿನ್ ಬಾಂಗ್ ಕೊಟ್ಟರು. ಪಕ್ಕದಲ್ಲಿದ್ದ ಮಕ್ಕಾದ ಹುಡುಗರ ಒಂದು ಗುಂಪು ಅದನ್ನು ಅಣಕಿಸಿ ಕೂಗಿ ಗೇಲಿ ಮಾಡಿತು. ಇದು ಮಕ್ಕಳ ಮುಗ್ಧ ಆಟ ಆಗಿರಲಿಲ್ಲ. ಸೋತವರ ಮನೆಯ ಹುಡುಗರು, ಹೊಟ್ಟೆಯಲ್ಲಿ ದ್ವೇಷ ಇತ್ತು. ಪ್ರವಾದಿಯವರು (ಸ) ಅವರನ್ನು ಕರೆಸಿದರು. ಯಾರ ದನಿ ಅಷ್ಟು ಜೋರಾಗಿ ಕೇಳಿದ್ದು ಎಂದರು. ಎಲ್ಲರ ಬೆರಳೂ ಒಬ್ಬನ ಕಡೆ ತಿರುಗಿತು. ಉಳಿದವರನ್ನು ಕಳಿಸಿ ಅವನನ್ನು ಉಳಿಸಿಕೊಂಡರು. ಅಬೂ ಮಹ್‌ದೂರ ಅಂತ ಅವನ ಹೆಸರು. ಎದ್ದು ನಿಂತು ಬಾಂಗ್ ಕೊಡು ಎಂದರು. ತಾವೇ ಒಂದೊಂದು ಮಾತನ್ನೂ ಹೇಳಿಕೊಟ್ಟರು. ಮುಗಿದ ಮೇಲೆ ಬೆಳ್ಳಿ ಇದ್ದ ಒಂದು ಚೀಲ ಕೊಟ್ಟರು, ಅವನ ಹಣೆಯ ಮೇಲೆ, ಎದೆಯ ಮೇಲೆ ಕೈ ಆಡಿಸಿ ಬರಕತ್ತಿಗೆ ದುಆ ಮಾಡಿದರು. ಅಷ್ಟು ಹೊತ್ತಿಗೆ ಮನಸ್ಸಿನ ದ್ವೇಷವೆಲ್ಲ ಪ್ರೀತಿಯಾಗಿ ತಿರುಗಿತ್ತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಮಕ್ಕಾದಲ್ಲಿ ಬಾಂಗ್ ಕೊಡುವ ಕೆಲಸ ನನಗೆ ಕೊಡಿ ಎಂದು ಕೇಳಿದರು, ಸಿಕ್ಕಿತು. ಅವರ ನಂತರ ಅವರ ಸಂತತಿಯೂ ಅದನ್ನು ನಡೆಸಿಕೊಂಡು ಬಂತು.

ಆ ದಿನ ಶಹಾದತ್ತಿನ ಮಾತುಗಳಿಗೆ ಬಂದಾಗ ಹುಡುಗನ ದನಿ ಇಳಿಯಿತು. ಪ್ರವಾದಿಯವರು (ಸ) ಹಿಂದಕ್ಕೆ ಹೋಗಿ ಮತ್ತೆ ಹೇಳು, ದನಿ ಎತ್ತಿ ಹೇಳು ಎಂದರು. ಅದು ಆ ಹುಡುಗನಿಗೆ, ಆ ಗಳಿಗೆಗೆ ಹೇಳಿದ ಮಾತು ಎಂದು ಹನಫಿಗಳು ವಿವರಿಸುತ್ತಾರೆ. ಅಲ್ಲ, ಅದೇ ಅಝಾನಿನ ರೀತಿ ಎಂದು ಶಾಫಿಈಗಳು ಹೇಳುತ್ತಾರೆ. ಹಾಗಾಗಿ ಶಾಫಿಈ ಗ್ರಂಥಗಳಲ್ಲಿ ಶಹಾದತ್ತನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹೇಳುವುದು ಸುನ್ನತ್. ಅದಕ್ಕೆ ತರ್ಜೀಅ್ ಎಂದು ಹೆಸರು. ಅಬೂ ಮಹ್‌ದೂರ (ರ) ಮಾತ್ರ ಆ ಕೈ ಮುಟ್ಟಿದ ಮುಂದಲೆಯ ಕೂದಲನ್ನು ಮತ್ತೆಂದೂ ಕತ್ತರಿಸಲಿಲ್ಲವಂತೆ.